ರೋಜೂ ಪಾಲು

೧೨ ನವೆಂಬರ್ ೧೯೫೦, ಭಾನುವಾರ

ಬೆಳಿಗ್ಗೆಯಿಂದ ಸೈಕಲ್ ಶಾಪಿನ ಬೋರ್ಡು. ಮೇಲೆ ಕನ್ನಡ, ಕೆಳಗೆ ತೆಲುಗು. ತೆಲುಗಿನ ಸಾಲು ಒಣಗುವ ಮೊದಲೇ ನೊಣ ಕೂತು ಕಾಲಿನ ಗುರುತು ಬಿಟ್ಟುಹೋಯಿತು. ಒರೆಸಿ ಮತ್ತೆ ಬರೆದೆ.

ಉಸ್ತಾದ್ ಚಹಾ ಕುಡಿಯುತ್ತಾ ಸಿರುಗುಪ್ಪದ ಸಭೆಯ ಸುದ್ದಿ ತೆಗೆದರು. ನನಗೆ ಬೋರ್ಡು ಬರೆಯುವುದನ್ನು ಕಲಿಸಿದವರು. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಅವರ ಕಿವಿಗೆ ಬೀಳದ ಸುದ್ದಿ ಇಲ್ಲ. ನಿನ್ನೆ ಹತ್ತಿ ಬೆಳೆಗಾರರ ಸಭೆ. ಮರಿಬಸಪ್ಪನ ಭಾಷಣ.

"ಏನ್ ಮಾತಾಡಿದಾನಲೇ ನಿನ್ನ ದೋಸ್ತು! ಹತ್ತಿ ದರ ಟವೆಲ್ ಕೆಳಗ. ಹತ್ತಿ ಮಂಡಳಿಗೆ ಮೆಂಬರ್ ಯಾರಂತ, ಅದೂ ಟವೆಲ್ ಕೆಳಗ. ಟವೆಲ್ ತೆಗೀರಿ, ಕೈ ನೋಡೋಣು ಅಂದನಂತ. ಮಂದಿ ಎದ್ದು ನಿಂತು ಚಪ್ಪಾಳಿ ಹೊಡದಾರ."

ಬ್ರಷ್ಷು ತೊಳೆಯುತ್ತಾ ನಿಂತೆ. ಟವೆಲಿನ ಮಾತು ನನ್ನದು. ವ್ಯಾಪಾರಿಯೂ ದಲಾಲಿಯೂ ಟವೆಲ್ ಒಳಗೆ ಬೆರಳು ಹಿಡಿದು ದರ ಮಾಡುವುದು, ಬೆಳೆದವನು ಪಕ್ಕದಲ್ಲಿ ನಿಂತು ಟವೆಲ್ ಅಲುಗುವುದನ್ನಷ್ಟೇ ನೋಡುವುದು — ಅದನ್ನು ನೋಡಿದ್ದು ನಾನು. ತೂಕ, ದರ ಕಾಯಬೇಕಾದ ಮಂಡಳಿಯಲ್ಲಿ ವ್ಯಾಪಾರಿಗಳ ಬೀಗರೇ ತುಂಬಿದ್ದಾರೆ ಎಂದು ಹೊಳೆದದ್ದೂ ನನಗೆ. ಆರು ಪುಟ ಬರೆದುಕೊಟ್ಟೆ. ಅವನು ಓದಿಕೊಂಡ. ಹೇಳಿದ.

ಉಸ್ತಾದರಿಗೆ ಹೇಳಲಿಲ್ಲ.

೧೪ ನವೆಂಬರ್

ಮರಿಬಸಪ್ಪ ಬಂದಿದ್ದ. ಕುರುಗೋಡಿನಿಂದ ಬಸ್ಸಿಗೆ ಬಂದು ನೇರ ನಮ್ಮ ಮನೆಗೆ. ಅವ್ವ ನನಗೆ ತುಪ್ಪ ಹಾಕುವಾಗ ಚಮಚದ ತುದಿ ನೋಡುತ್ತಾಳೆ. ಅವನಿಗೆ ಗಿಂಡಿಯನ್ನೇ ಬಗ್ಗಿಸಿದಳು.

ಹೊರಗೆ ಕೂತು ಓಣಿಯವರಿಗೆಲ್ಲ ಸಭೆಯ ಕಥೆ ಹೇಳಿದ. ನನ್ನ ಕಡೆ ತಿರುಗಿ ಕಣ್ಣು ಹೊಡೆದ. ಅಷ್ಟೇ. ನಾವಿಬ್ಬರೂ ಕುರುಗೋಡು ಸಾಲೆಯಲ್ಲಿ ನಾಲ್ಕನೇ ಕ್ಲಾಸಿಗೇ ನಿಂತವರು. ಮಾಸ್ತರರು ಪದ್ಯ ಹೇಳು ಎಂದರೆ ನನಗೆ ಬರುತ್ತಿತ್ತು, ಬಾಯಿ ಬರುತ್ತಿರಲಿಲ್ಲ. ಹಿಂದಿನಿಂದ ಪಿಸುಗುಟ್ಟುತ್ತಿದ್ದೆ. ಅವನು ಎದ್ದು ನಿಂತು ಹೇಳುತ್ತಿದ್ದ. ಈಗಲೂ ಅದೇ.

ಅವನು ಹೋದ ಮೇಲೆ ಅವ್ವ: "ಆ ಹುಡುಗ ಬಂದ್ರ ಮನಿ ತುಂಬತೈತಿ ನೋಡು."

೩ ಡಿಸೆಂಬರ್

ಸರ್ಕಾರ ಒಪ್ಪಿತು. ಮಂಡಳಿಗೆ ಇನ್ನು ಮೇಲೆ ವ್ಯಾಪಾರಿಗಳ ಸಂಘ ಕೊಟ್ಟ ಹೆಸರೇ ಹೋಗುವುದಿಲ್ಲ. ಬೇರೆ ಕಮಿಟಿ. ಹತ್ತಿಯ ವ್ಯವಹಾರ ಇಲ್ಲದ ಮೂವರು. ಅರ್ಜಿ ಹಾಕಿದವರನ್ನು ಕರೆದು ಕೇಳುತ್ತಾರೆ, ಊರಿಗೆ ಹೋಗಿ ವಿಚಾರಿಸುತ್ತಾರೆ. ಅವರು ಸೋಸಿ ಕೊಟ್ಟವರನ್ನೇ ಕಲೆಕ್ಟರು ನೇಮಿಸಬೇಕು.

ಬಜಾರಿನವರು ಆಗಲೇ ಹೆಸರಿಟ್ಟಿದ್ದಾರೆ — ಜರಡಿ ಕಮಿಟಿ.

"ಮರಿಬಸಪ್ಪನ ಕಮಿಟಿ" ಅಂತಲೂ ಅನ್ನುತ್ತಾರೆ. ಬಳೆ ಅಂಗಡಿಯವನು ನನಗೇ ವಿವರಿಸಿದ, ಇದೆಲ್ಲ ಹೇಗೆ ಶುರುವಾಯಿತು ಅಂತ. ಕೇಳಿಸಿಕೊಂಡೆ.

೯ ಡಿಸೆಂಬರ್

ತಿರುಮಲಮ್ಮನವರು ಕರೆಸಿದ್ದರು. ಹೆಣ್ಣುಮಕ್ಕಳ ಸಾಲೆಯ ಹೆಡ್‌ಮಿಸ್ಟ್ರೆಸ್. ಸಾಲೆಯ ಬೋರ್ಡು ನಾನು ಬರೆದದ್ದು, ಅಕ್ಷರ ನೆನಪಿಟ್ಟುಕೊಂಡಿದ್ದಾರೆ. ಕಮಿಟಿಯ ಮೂವರಲ್ಲಿ ಅವರೊಬ್ಬರು. ಇನ್ನೊಬ್ಬರು ರಿಟೈರ್ ಆದ ಜಡ್ಜ್ ಸಾಹೇಬರು, ಮಂಗಳೂರು ಕಡೆಯವರು, ಅವರೇ ಅಧ್ಯಕ್ಷರು. ಮೂರನೆಯವರು ರೈಲ್ವೆಯವರು, ಮರಾಠಿ ಮಾತಾಡುತ್ತಾರೆ.

ಹೇಳಿದ್ದನ್ನು ಬರೆದುಕೊಳ್ಳುವುದಕ್ಕೆ, ತೆಲುಗಿನವರು ಬಂದರೆ ಕನ್ನಡ ಮಾಡಿ ಹೇಳುವುದಕ್ಕೆ ಒಬ್ಬ ಬೇಕು. ಹತ್ತಿ ಅಂಗಡಿಗಳ ಗುಮಾಸ್ತರು ಬೇಡ. ಬೋರ್ಡು ಬರೆಯುವವನಿಗೆ ಯಾರ ಹಂಗು?

ಜಡ್ಜ್ ಸಾಹೇಬರು ಅರ್ಜಿ ಹಾಕಿದವರ ಹೆಸರು ಓದಿ ನನ್ನನ್ನೂ ಕೇಳಿದರು. ಇವರಲ್ಲಿ ಯಾರಾದರೂ ನೆಂಟರಾ? ಇಲ್ಲ. ವ್ಯವಹಾರ? ಇಲ್ಲ. ಜಗಳ? ಇಲ್ಲ. ಗೊತ್ತಿರುವವರು? ಮರಿಬಸಪ್ಪ ಗೊತ್ತು, ಸಾಲೆಯ ಜೊತೆಗಾರ.

"ಅದು ಎಲ್ಲರಿಗೂ ಇರ್ತದೆ ಮಾರಾಯ" ಅಂದರು.

ಅವನೂ ಅರ್ಜಿ ಹಾಕಿದ್ದಾನೆ! ಕುರುಗೋಡು ಕಡೆಯ ಬೆಳೆಗಾರರ ಒಂದು ಜಾಗಕ್ಕೆ. ನನಗೆ ಹೇಳಿಲ್ಲ. ಅರ್ಜಿ ಯಾರ ಕೈಲಿ ಬರೆಸಿದ?

೨೦ ಡಿಸೆಂಬರ್

ಈ ಕೆಲಸ ಚೆನ್ನಾಗಿದೆ. ಮೂಲೆಯ ಮೇಜು. ಯಾರೂ ನನ್ನ ಕಡೆ ನೋಡುವುದಿಲ್ಲ. ನಾನು ಎಲ್ಲರನ್ನೂ ನೋಡುತ್ತೇನೆ.

ಜಡೆಪ್ಪ ಎಂಬ ದಲಾಲಿ ಇವತ್ತು ತಲೆಗೆ ಹಳೇ ಪಂಚೆ ಸುತ್ತಿಕೊಂಡು, ಬರಿಗಾಲಲ್ಲಿ ಬಂದು ತಾನು ಬೆಳೆಗಾರ ಅಂದ. ಜಡ್ಜ್ ಸಾಹೇಬರು ತಡಬಡಾಯಿಸಿದರು, ಹೊಲದ ಬಗ್ಗೆ ಏನು ಕೇಳಬೇಕೋ ಗೊತ್ತಾಗಲಿಲ್ಲ. ತಿರುಮಲಮ್ಮನವರು ಕನ್ನಡಕ ಸರಿಮಾಡಿಕೊಂಡು, "ಅಂಗಾಲು ತೋರಿಸು ನೋಡೋಣ" ಅಂದರು. ಮಗುವಿನಂಥ ಮೆತ್ತನೆಯ ಅಂಗಾಲು. ಅವನೇ ನಕ್ಕುಬಿಟ್ಟ. "ತಾಯಿ, ನೀವು ಜರಡಿ ಅಲ್ಲ, ಬಟ್ಟಿ ಅದೀರಿ, ಬಟ್ಟಿ ಒಳಗ ಸೋಸ್ತೀರಿ" ಅಂತ ಕೈಮುಗಿದು ಹೋದ.

ನಾನು ಬರೆದ ಆರು ಪುಟ ಹೀಗೆ ಮೂರು ಕುರ್ಚಿಯಾಗಿ ಕೂತಿವೆ. ಯಾರಿಗೂ ಗೊತ್ತಿಲ್ಲ.

೨೮ ಡಿಸೆಂಬರ್

ತಿರುಮಲಮ್ಮನವರ ಜೊತೆ ಸಿರುಗುಪ್ಪ, ದೇಶನೂರು. ಅಭ್ಯರ್ಥಿ ಮನೆಯಲ್ಲಿ ಇರಬಾರದು, ಮನೆಯವರನ್ನೂ ಅಕ್ಕಪಕ್ಕದವರನ್ನೂ ಕೇಳಬೇಕು — ಅದು ನಿಯಮ. ಒಬ್ಬೊಬ್ಬ ಮೆಂಬರು ಒಂದೊಂದು ಊರಿಗೆ. ಕುರುಗೋಡು ಜಡ್ಜ್ ಸಾಹೇಬರ ಪಾಲಿಗೆ.

೪ ಜನವರಿ ೧೯೫೧

ಮರಿಬಸಪ್ಪ ಕಮಿಟಿಯ ಮುಂದೆ ಬಂದ. ಒಗೆದ ಅಂಗಿ. ನನ್ನನ್ನು ನೋಡಿ ನಗಲಿಲ್ಲ, ನಿಯಮ ಗೊತ್ತಿದೆ. ಅದೂ ಚೆನ್ನಾಗಿಯೇ ಮಾಡಿದ.

ರೈಲ್ವೆಯವರು ಕೇಳಿದರು, ಸ್ವತಂತ್ರ ಕಮಿಟಿ ಬೇಕು ಅಂತ ನಿನಗೆ ಹೇಗೆ ತೋಚಿತು?

ಪೆನ್ನು ಎತ್ತಿ ಹಿಡಿದೆ. ಈಗ ಹೇಳುತ್ತಾನೆ ಅಂದುಕೊಂಡೆ.

"ನಾವೆಲ್ಲಾರೂ ಕೂಡೇ ಯೋಚನಿ ಮಾಡೀವ್ರಿ" ಅಂದ.

ನಾವೆಲ್ಲರೂ! ಅದನ್ನೂ ನಾನೇ ಬರೆದುಕೊಂಡೆ, ಒಳ್ಳೆಯ ಅಕ್ಷರದಲ್ಲಿ. ಅವನು ಹೋದ ಮೇಲೆ ತಿರುಮಲಮ್ಮನವರು, ಎಷ್ಟು ವಿನಯ ನೋಡಿ, ತಾನೊಬ್ಬನೇ ಅನ್ನಲಿಲ್ಲ ಅಂದರು.

ಊಟ ಸೇರಲಿಲ್ಲ.

೧೧ ಜನವರಿ, ಸಂಜೆ

ಕುರುಗೋಡಿಗೆ ಹೋಗಿಬಂದೆವು. ಜಡ್ಜ್ ಸಾಹೇಬರು, ನಾನು.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಮರಿಬಸಪ್ಪ ನಿಯಮದಂತೆ ಹೊಲಕ್ಕೆ ಹೋಗಿದ್ದ. ಅವನ ಹೆಂಡತಿ ಚನ್ನಬಸಮ್ಮ ಬಾಣಂತಿ, ಜ್ವರ, ಒಳಗೆ ಮಲಗಿದ್ದಳು. ಮಗು ಚೀರುತ್ತಿತ್ತು. ಮಾತಾಡಲು ಇದ್ದವಳು ಅವನ ಅತ್ತೆ ಎಲ್ಲಮ್ಮ. ಬಾಣಂತನಕ್ಕೆ ಆಲೂರು ಕಡೆಯಿಂದ ಬಂದವಳು. ಬರೀ ತೆಲುಗು.

ಪಕ್ಕದ ಮನೆ ಶೆಟ್ಟರದು. ಹತ್ತಿ ಕಮಿಷನ್ ಅಂಗಡಿಯವರು. ಜಡ್ಜ್ ಸಾಹೇಬರು ಅದನ್ನು ಗುರುತಿಸಿ, ಆ ಮನೆಗೂ ಈ ಮನೆಗೂ ಏನಾದರೂ ಕೊಡುವುದು ತರುವುದು ಇದೆಯೇ ಕೇಳು ಅಂದರು. ತೆಲುಗಿನಲ್ಲಿ ಕೇಳಿದೆ.

ಎಲ್ಲಮ್ಮ ಮುಖ ಅರಳಿಸಿಕೊಂಡು, "ಶೆಟ್ಟಿಗಾರಿ ಇಂಟಿನಿಂಚಿ ರೋಜೂ ಪಾಲು ವಸ್ತಾಯಿ" ಅಂದಳು.

ಪಾಲು ಅಂದರೆ ತೆಲುಗಿನಲ್ಲಿ ಹಾಲು. ತಾಯಿಗೆ ಹಾಲಿಲ್ಲ, ಶೆಟ್ಟರ ಹೆಂಡತಿ ದಿನವೂ ಮಗುವಿಗೆ ಹಾಲು ಕಳಿಸುತ್ತಾಳೆ. ಅಷ್ಟೇ ಮಾತು.

ನಾನು ಕನ್ನಡ ಮಾಡುವ ಮೊದಲೇ ಜಡ್ಜ್ ಸಾಹೇಬರ ಮುಖ ಗಂಭೀರವಾಯಿತು. ಅವರ ಕಿವಿಗೆ ಶೆಟ್ಟಿ, ರೋಜೂ, ಪಾಲು ಬಿದ್ದಿತ್ತು. ನನ್ನ ಕಡೆ ತಿರುಗಿದರು.

"ಶೆಟ್ಟಿಯಿಂದ ದಿನವೂ ಪಾಲು ಬರ್ತದೆ ಅಂತಲ್ಲವಾ?"

ಅಲ್ಲ ಸಾರ್ ಅನ್ನಬೇಕಿತ್ತು. ನಾಲಿಗೆಯವರೆಗೂ ಬಂತು. ಆಗಲೇ ಹೊಸಿಲ ಪಕ್ಕದ ಗೋಡೆಯ ಮೇಲೆ ಪಟ ಕಂಡಿತು. ಸಿರುಗುಪ್ಪದ ಸಭೆಯದು, ಕಟ್ಟು ಹಾಕಿಸಿದ್ದಾನೆ. ಮರಿಬಸಪ್ಪ ಕೈ ಎತ್ತಿ ನಿಂತಿದ್ದಾನೆ. ಇನ್ನೊಂದು ಕೈಯಲ್ಲಿ ನನ್ನ ಆರು ಪುಟ.

"ಹೂಂ" ಅಂದೆ.

ಅವರೇ ಬರೆದುಕೊಂಡರು. ಎಲ್ಲಮ್ಮ ನಮ್ಮಿಬ್ಬರನ್ನೂ ನೋಡಿ ನಗುತ್ತಾ ಕುಡಿಯಲು ನೀರು ತಂದಳು.

೧೨ ಜನವರಿ

ಸುಳ್ಳು ಹೇಳಿಲ್ಲ. ಹೂಂ ಅಂದೆ. ಪಾಲು ಬರುತ್ತದೆಯೇ ಅಂದರು, ಪಾಲು ಬರುತ್ತದೆ. ಅವರಿಗೆ ತೆಲುಗು ಬಾರದ್ದು ನನ್ನ ತಪ್ಪೇ?

ಇದನ್ನು ಯಾರಿಗೆ ಬರೆಯುತ್ತಿದ್ದೇನೆ.

೨೨ ಜನವರಿ

ಹೆಸರುಗಳು ತೀರ್ಮಾನವಾದವು. ಮರಿಬಸಪ್ಪನದಿಲ್ಲ. ತಿರುಮಲಮ್ಮನವರಿಗೆ ಬೇಸರ, ಮುಖದಲ್ಲೇ ಕಂಡಿತು. ಜಡ್ಜ್ ಸಾಹೇಬರು, ವ್ಯಾಪಾರಿಗಳನ್ನು ಬೈದು ವ್ಯಾಪಾರಿಯಿಂದಲೇ ತಿನ್ನುವವನು ಎಲ್ಲರಿಗಿಂತ ಅಪಾಯ ಅಂದರು. ತಿರಸ್ಕಾರದ ನೋಟಿಸು ಒಂದೇ ಸಾಲು. ಕಾರಣ ಹೇಳುವ ಹಾಗಿಲ್ಲ, ಅದೂ ನಿಯಮ. ಬೇಕಾದರೆ ಮೇಲ್ಮನವಿ ಹಾಕಬಹುದು.

ನೋಟಿಸು ನಾನೇ ಬರೆದೆ. ಹೆಸರಿನ ಬಕಾರ ಬಹಳ ಚೆನ್ನಾಗಿ ಬಂತು.

ಸಂಜೆ ಮಿರ್ಚಿ ತಿಂದೆ. ಅವ್ವ, ಏನು ಇವತ್ತು ಖುಷಿಯಾಗಿದ್ದೀಯ ಅಂದಳು.

೨ ಫೆಬ್ರವರಿ

ಬಂದಿದ್ದ. ಗಡ್ಡ ಬಿಟ್ಟಿದ್ದಾನೆ. ಅವ್ವ ತಟ್ಟೆ ಇಟ್ಟರೆ ಬೇಡ ಅಂದ.

ಕಾರಣ ಹೇಳದಿದ್ದರೂ ಮಾತು ಹೊರಗೆ ಬಿದ್ದಿದೆ. ಶೆಟ್ಟರಿಂದ ಅವನಿಗೆ ಪಾಲು ಅಂತೆ. ಜಡ್ಜರ ಕಾರಿನ ಡ್ರೈವರ್ ಹೇಳಿದನೋ, ಇನ್ನಾರೋ. ಕುರುಗೋಡು ಬಸ್ಸು ಅವನು ಹತ್ತಿದರೆ ಹುಡುಗರು ಟವೆಲ್ ಕೊಡವುತ್ತಾರಂತೆ. "ಟವೆಲ್ ಸಾಹೇಬ್ರು ಬಂದ್ರು, ಜಾಗ ಬಿಡ್ರಲೇ" ಅಂತ.

ಅದೂ ಅಲ್ಲ. ಶೆಟ್ಟರ ಹೆಂಡತಿ ಹಾಲು ನಿಲ್ಲಿಸಿದ್ದಾಳೆ. ಆ ಮನೆಯಿಂದ ಈ ಮನೆಗೆ ಚೊಂಬು ಹೋಗುವುದನ್ನು ಕಂಡರೂ ಜನ ಆಡಿಕೊಳ್ಳುತ್ತಾರೆ, ನಿಮಗೂ ಕೆಟ್ಟ ಹೆಸರು, ನಮಗೂ ಕೆಟ್ಟ ಹೆಸರು ಅಂದಳಂತೆ. ಬೇರೆ ಮನೆಗಳಲ್ಲಿ ಕೇಳುವುದಕ್ಕೆ ಇವನಿಗೆ ಮುಖವಿಲ್ಲ. ಮಗುವಿಗೆ ಗಂಜಿಯ ತಿಳಿ.

"ನೀನಿದ್ದೆಲ್ಲೋ ಎರ್ರ್ಯಾ ಅವತ್ತು. ನಮ್ಮತ್ತಿ ಏನಂದ್ಳು? ಆಕೀನ ಕೇಳಿದ್ರ ಒಳ್ಳೇದೇ ಹೇಳೀನಿ ಅಂತಾಳ."

"ಏನೂ ಇಲ್ಲ" ಅಂದೆ.

"ಮತ್ತ ಯಾರು ಹೇಳಿದ್ರಂತೀನಿ. ಬಿಡು. ನಂಗೊಂದು ಮನವಿ ಬರಕೊಡು. ನೀ ಬರದ್ರ ಕಲ್ಲೂ ಕೇಳತೈತಿ."

ಈ ಮಾತಿಗೆ ಎಷ್ಟು ವರ್ಷದಿಂದ ಕಾಯುತ್ತಿದ್ದೆ.

೩ ಫೆಬ್ರವರಿ

ಬರೆದೆ. ಮೂರು ಪುಟ. ನಾನು ಬರೆದುದರಲ್ಲಿ ಇದೇ ಒಳ್ಳೆಯದು. ಓದಿದರೆ ನನ್ನ ಕಣ್ಣೇ ತುಂಬುತ್ತದೆ. ಹಾಲು ಎಂಬ ಒಂದು ಮಾತು ಬಿಟ್ಟು ಎಲ್ಲವೂ ಇದೆ.

೪ ಫೆಬ್ರವರಿ

ಬೋರ್ಡು ಕೆಲಸ. "ಇಲ್ಲಿ ಹಾಲು ಮಾರಲಾಗುತ್ತದೆ" ಅಂತ, ಎರಡು ಭಾಷೆಯಲ್ಲಿ. ತಲೆನೋವು ಅಂತ ಹೇಳಿ ಅರ್ಧಕ್ಕೆ ಬಿಟ್ಟು ಬಂದೆ. ಉಸ್ತಾದ್ ಬೈದರು.

೮ ಫೆಬ್ರವರಿ

ತಿರುಮಲಮ್ಮನವರು ಸಾಲೆ ಬಿಟ್ಟ ಮೇಲೆ ಕರೆಸಿದರು. ಖಾಲಿ ಕ್ಲಾಸು. ಎದುರಿಗೆ ಮರಿಬಸಪ್ಪನ ಮನವಿ, ಪಕ್ಕದಲ್ಲಿ ಜಡ್ಜ್ ಸಾಹೇಬರ ಟಿಪ್ಪಣಿ. ತಿರುಮಲಮ್ಮನವರು ಬಳ್ಳಾರಿಯವರು. ಕನ್ನಡದಷ್ಟೇ ತೆಲುಗೂ ಬರುತ್ತದೆ.

ಮುದುಕಿ ಯಾವ ಭಾಷೆಯಲ್ಲಿ ಹೇಳಿದಳು ಅಂದರು. ತೆಲುಗು ಅಂದೆ. ಟಿಪ್ಪಣಿಯ ಆ ಸಾಲಿನ ಮೇಲೆ ಬೆರಳಿಟ್ಟರು. ಆಮೇಲೆ ಸೀಮೆಸುಣ್ಣ ಕೈಗೆ ಕೊಟ್ಟರು.

"ಆಕೆ ಹೇಳಿದ್ದನ್ನ ಹೇಳಿದ ಹಾಗೇ ಬೋರ್ಡಿನ ಮೇಲೆ ಬರಿ. ತೆಲುಗಿನಲ್ಲೇ ಬರಿ."

ಗೊತ್ತಾಯಿತು ಏನು ನೋಡುತ್ತಿದ್ದಾರೆ ಅಂತ. ಹಂಚಿಕೆಯ ಪಾಲಾದರೆ "ವಸ್ತುಂದಿ" ಅನ್ನಬೇಕು. ಹಾಲಾದರೆ "ವಸ್ತಾಯಿ". ತೆಲುಗಿನಲ್ಲಿ ಹಾಲು ಯಾವಾಗಲೂ ಬಹುವಚನ. ಕೊನೆಯ ಒಂದು ಪದ ಬದಲಾಯಿಸಿದರೆ ಮುಗಿಯಿತು. ಅವರೂ ನಂಬುತ್ತಿದ್ದರು.

ಶೆಟ್ಟಿಗಾರಿ ಅಂತ ಬರೆದೆ. ಇಂಟಿನಿಂಚಿ. ರೋಜೂ. ಪಾಲು. ಅಲ್ಲಿಗೆ ಕೈ ನಿಂತಿತು. ಬಾಯಿ ಅವತ್ತು ಹೂಂ ಅಂದಿತ್ತು, ಬಾಯಿ ಯಾವತ್ತೂ ನನ್ನದಾಗಿರಲಿಲ್ಲ. ಕೈ ಹಾಗಲ್ಲ. ತಪ್ಪು ಅಂತ ಗೊತ್ತಿದ್ದು ಒಂದು ಅಕ್ಷರ ಬರೆದಿಲ್ಲ ಇದುವರೆಗೆ.

ವಸ್ತಾಯಿ.

ತಿರುಮಲಮ್ಮನವರು ಡಸ್ಟರ್ ತೆಗೆದುಕೊಂಡು ತಾವೇ ಒರೆಸಿದರು. ನಾಳೆ ಹತ್ತಕ್ಕೆ ಬಾ ಅಂದರು.

೯ ಫೆಬ್ರವರಿ

ಮೂವರೂ ಇದ್ದರು. ಜಡ್ಜ್ ಸಾಹೇಬರು ಬೈಯುತ್ತಾರೆ ಅಂದುಕೊಂಡಿದ್ದೆ. ತಮ್ಮ ತುಳುವಿನಲ್ಲೂ ಪಾಲು ಅಂದರೆ ಪಾಲೇ, ಹಾಲಿಗೆ ಪೇರ್ ಅನ್ನುತ್ತಾರೆ ಅಂತ ಮೆಲ್ಲಗೆ ಅಂದುಕೊಂಡರು. ಆಮೇಲೆ ನನ್ನ ಕಡೆ ನೋಡಿದರು.

"ನಿನಗೆ ಗೊತ್ತಿತ್ತು."

"ಗೊತ್ತಿತ್ತು ಸಾರ್."

"ಯಾರಾದರೂ ದುಡ್ಡು ಕೊಟ್ಟರಾ?"

"ಇಲ್ಲ."

"ಮತ್ತೆ?"

ಹೇಳಬೇಕಾಯಿತು. ನೆಲ ನೋಡಿಕೊಂಡು ಹೇಳಿದೆ. "ಹೊಟ್ಟೆಕಿಚ್ಚು ಸಾರ್."

ರೈಲ್ವೆಯವರಿಗೆ ಆ ಮಾತು ಅರ್ಥವಾಗಲಿಲ್ಲ. ತಿರುಮಲಮ್ಮನವರು ಇಂಗ್ಲಿಷಿನಲ್ಲಿ ಹೇಳಿದರು. ಆ ಭಾಷೆಯಲ್ಲೂ ಅದು ಅಷ್ಟೇ ಚಿಕ್ಕದಾಗಿತ್ತು.

ಜಡ್ಜ್ ಸಾಹೇಬರು ಕನ್ನಡಕ ತೆಗೆದರು. ನೆಂಟನಾ ಕೇಳಿದೆವು, ವ್ಯವಹಾರ ಕೇಳಿದೆವು, ಜಗಳ ಕೇಳಿದೆವು, ಇದನ್ನು ಕೇಳಲಿಲ್ಲ, ಕೇಳಿದ್ದರೂ ಯಾರು ಹೇಳುತ್ತಾರೆ ಅಂದರು. ಇನ್ನು ಮುಂದೆ ಊರಿಗೆ ಇಬ್ಬರು ಹೋಗಬೇಕು, ಒಬ್ಬರಿಗೆ ಆ ಊರಿನ ಮಾತು ಬರಬೇಕು ಅಂತ ಅಲ್ಲೇ ನಿಯಮ ಮಾಡಿದರು. ನನ್ನ ಕೆಲಸ ಹೋಯಿತು.

"ಒಳಗಿನ ಮಾತು ನಾವು ಹೊರಗೆ ಹೇಳುವ ಹಾಗಿಲ್ಲ. ನೀನು ಹೇಳಿದರೆ ಅದು ನಿನ್ನ ಮಾತು" ಅಂದರು ಕೊನೆಗೆ.

೨೦ ಫೆಬ್ರವರಿ

ಹೆಸರುಗಳು ಹೊರಬಿದ್ದವು. ಕುರುಗೋಡು ಜಾಗಕ್ಕೆ ಮರಿಬಸಪ್ಪ. ಹಿಂದಿನ ಟಿಪ್ಪಣಿ ಭಾಷೆ ತಿಳಿಯದೆ ಆದ ತಪ್ಪು ಅಂತ ಅವನಿಗೆ ಕಾಗದ ಬಂದಿದೆ. ಶೆಟ್ಟರ ಮನೆಯಿಂದ ಮತ್ತೆ ಹಾಲು ಬರುತ್ತಿದೆಯಂತೆ.

ಕೌಲ್ ಬಜಾರಿನ ನಡುವೆ ನನ್ನನ್ನು ಅಪ್ಪಿಕೊಂಡ. ಬಣ್ಣದ ಡಬ್ಬಿ ಬಿತ್ತು. ಅವತ್ತು ಜಡ್ಜರ ಜೊತೆ ಬಂದವರಲ್ಲಿ ತೆಲುಗು ಬಲ್ಲವನು ಎರ್ರ್ಯಾ ಒಬ್ಬನೇ, ತಪ್ಪು ತಿದ್ದಿದವನೂ ಇವನೇ ಇರಬೇಕು, ಅದಕ್ಕೇ ಕೆಲಸ ಕಳೆದುಕೊಂಡ — ತಾನೇ ಕಥೆ ಕಟ್ಟಿ ಉಸ್ತಾದರಿಗೆ, ಬಳೆ ಅಂಗಡಿಯವನಿಗೆ, ಅವ್ವನಿಗೆ ಹೇಳಿದ. ಎಷ್ಟು ಚೆನ್ನಾಗಿ ಹೇಳಿದ. ಉಸ್ತಾದ್ ನನ್ನ ಬೆನ್ನು ತಟ್ಟಿದರು. ಅವ್ವ ಇವತ್ತು ನನಗೆ ಗಿಂಡಿ ಬಗ್ಗಿಸಿದಳು.

ತಟ್ಟೆಯನ್ನು ಹಾಗೇ ಬಿಟ್ಟು ಎದ್ದೆ.

ಒಳ್ಳೆಯ ಹೆಸರು ಸಿಕ್ಕಿತು ಕೊನೆಗೂ. ಅದನ್ನೂ ಅವನೇ ಕೊಟ್ಟ.

೨೫ ಫೆಬ್ರವರಿ

ಕುರುಗೋಡಿಗೆ ಹೋದೆ. ಅಂಗಳದಲ್ಲಿ ಮಗುವನ್ನು ಕಾಲ ಮೇಲೆ ಹಾಕಿಕೊಂಡು ಕೂತಿದ್ದ. ಮಂಡಳಿಯ ಮೊದಲ ಸಭೆ ಮಾರ್ಚ್ ಹನ್ನೆರಡಕ್ಕೆ, ಭಾಷಣ ಬರೆದುಕೊಡಬೇಕು ಅಂತ ಶುರುಮಾಡಿದ.

"ಮರಿಬಸಪ್ಪ, ಹಾಲು ಅಂತ ನನಗ ಗೊತ್ತಿತ್ತು. ಅವತ್ತು ಹೂಂ ಅಂದಾವ ನಾನು."

ನಗುತ್ತಲೇ ಇದ್ದ, ಅರ್ಥವಾಗದೆ. ಇನ್ನೊಂದು ಸಲ ಹೇಳಿದೆ. ಆಮೇಲೆ ನಗು ನಿಧಾನಕ್ಕೆ ಹೋಯಿತು. ಬಾಯಿ ತೆರೆದ. ಮುಚ್ಚಿದ. ಏನೂ ಬರಲಿಲ್ಲ.

ಇವನ ಬಾಯಿ ಕಟ್ಟುವುದನ್ನು ಒಂದು ಸಲ ನೋಡಬೇಕು ಅಂತ ಎಷ್ಟು ಆಸೆಪಟ್ಟಿದ್ದೆ. ನೋಡಿದೆ. ಎದ್ದು ಮಗುವನ್ನು ಎತ್ತಿಕೊಂಡು ಒಳಗೆ ಹೋದ. ಚನ್ನಬಸಮ್ಮನೋ ಎಲ್ಲಮ್ಮನೋ ಒಳಗಿನಿಂದ ಅಗಳಿ ಹಾಕಿದರು.

ಬಸ್ಸು ಸಿಗಲಿಲ್ಲ. ಬಹಳ ದೂರ ನಡೆದೆ.

೧೧ ಮಾರ್ಚ್

ಯಾರೂ ಬಂದಿಲ್ಲ. ಓಣಿಯಲ್ಲಿ ಕಥೆ ಗೊತ್ತಾಗಿಲ್ಲ, ಅವನು ಯಾರಿಗೂ ಹೇಳಿಲ್ಲ. ಹೇಳಿದ್ದರೆ ಚೆನ್ನಾಗಿತ್ತು. ನಾಳೆಗೆ ಭಾಷಣ ಅವನೇ ಬರೆಯುತ್ತಿದ್ದಾನಂತೆ. ಕಾಗುಣಿತ ಬಾರದು ಅವನಿಗೆ. ನಾನಿಲ್ಲದೆ ಏನು ಹೇಳುತ್ತಾನೆ?

೧೨ ಮಾರ್ಚ್, ಮಧ್ಯಾಹ್ನ

ಹೋದೆ. ಹಿಂದಿನ ಸಾಲಿನಲ್ಲಿ ನಿಂತೆ. ಮಂಡಳಿಯ ಸಭೆ ಈ ಸಲ ಬಾಗಿಲು ತೆರೆದು. ಬೆಳೆಗಾರರು ಕಿಟಕಿಯವರೆಗೂ.

ಎದ್ದು ನಿಂತ. ಕೈಯಲ್ಲಿ ಚೀಟಿ. ಸ್ವಲ್ಪ ಓದಿದ, ತಡವರಿಸಿದ, ಮಡಚಿ ಜೇಬಿಗೆ ಹಾಕಿದ. ಮುಗಿಯಿತು ಅಂದುಕೊಂಡೆ. ಸುಳ್ಳು ಯಾಕೆ, ಎದೆ ಹಗುರಾಯಿತು.

ಆಮೇಲೆ ಮೆಲ್ಲಗೆ ಮಾತಾಡಿದ. ಕೈ ಎತ್ತಲಿಲ್ಲ. ತನ್ನ ಮನೆಗೆ ಹಾಲು ನಿಂತ ದಿನಗಳ ಬಗ್ಗೆ ಹೇಳಿದ. ನನ್ನ ಹೆಸರಿಲ್ಲ. "ಒಂದು ಮಾತು ತಪ್ಪಾಗಿ ತೂಗಿದ್ರ ಒಂದು ಮನಿ ಉಪವಾಸ ಬೀಳತೈತಿ. ಹತ್ತಿನೂ ಹಂಗೇರಿ" ಅಂದ. ಅಷ್ಟೇ. ಕೂತ.

ನನ್ನ ಮಾತಿಗೆ ಎದ್ದು ನಿಂತು ಚಪ್ಪಾಳೆ ಹೊಡೆದಿದ್ದರು. ಇವತ್ತು ಯಾರೂ ಹೊಡೆಯಲಿಲ್ಲ. ಪಕ್ಕದ ಮುದುಕ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಆ ಸಾಲು ನಾನು ಬರೆದದ್ದಲ್ಲ. ನನಗೆ ಅದು ಯಾವತ್ತೂ ಹೊಳೆಯುತ್ತಿರಲಿಲ್ಲ.